ಮೊದಲು ಏನಾಯಿತು ಅಂತ ಕೇಳಿ, ಆಮೇಲೆ ರಕ್ತ ತೆಗೆಯಿರಿ

ಅಲರ್ಜಿಗೆ ರಕ್ತ ಪರೀಕ್ಷೆ ಬರೆದುಕೊಡುವ ವೈದ್ಯರಿಗೂ ಅದನ್ನು ಮಾಡುವ ಲ್ಯಾಬ್‌ಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಮಗಳಿಗೆ 7 ವರ್ಷ ಇದ್ದಾಗ ಬೆಳಗ್ಗೆ ಎದ್ದ ಕೂಡಲೇ ಸೀನು ಶುರುವಾಗುತ್ತಿತ್ತು. ಒಂದರ ಹಿಂದೆ ಒಂದು, ಹತ್ತು ಹದಿನೈದು ಸೀನು. ಮೂಗು ಸೋರುತ್ತಿತ್ತು. ಕಣ್ಣು ಉಜ್ಜಿ ಉಜ್ಜಿ ಕೆಂಪಾಗುತ್ತಿತ್ತು. ತೋರಿಸಲು ಹೋದಾಗ ವೈದ್ಯರು "ಅಲರ್ಜಿ ಇದ್ದ ಹಾಗಿದೆ, ಒಂದು ಪ್ಯಾನೆಲ್ ಮಾಡಿಸಿಬಿಡಿ" ಅಂದರು. ಒಂದೇ ಸಲ ರಕ್ತ ತೆಗೆದು ಹತ್ತಾರು ವಸ್ತುಗಳಿಗೆ ಅಲರ್ಜಿ ಇದೆಯಾ ಅಂತ ನೋಡುವುದು. ಒಂದೇ ಸೂಜಿಯಲ್ಲಿ ಎಲ್ಲ ಗೊತ್ತಾಗುತ್ತದೆ ಅಂದರೆ ಯಾವ ತಾಯಿ ಬೇಡ ಅಂತಾಳೆ? ನಾನೂ ಒಪ್ಪಿದೆ.

ವರದಿ ಬಂತು. ಧೂಳಿನ ಹುಳಕ್ಕೆ 38. ಸೀಗಡಿಗೆ 2.4. ಸೀಗಡಿಯ ಮುಂದೆ ದಪ್ಪ ಅಕ್ಷರದಲ್ಲಿ 'ಪಾಸಿಟಿವ್, ಕ್ಲಾಸ್ 2' ಅಂತ ಇತ್ತು. ವೈದ್ಯರು ಅದರ ಸುತ್ತ ಒಂದು ಗುಂಡು ಎಳೆದು "ಸೀಫುಡ್ ಪೂರ್ತಿ ಬಿಡಿಸಿ" ಅಂದರು. ಎರಡು ನಿಮಿಷದ ಮಾತು ಅದು.

ಆ ಹುಡುಗಿ ಹಲ್ಲು ಬಂದಾಗಿನಿಂದ ಸೀಗಡಿ ತಿಂದವಳು. ವರದಿ ಬರುವ ಹಿಂದಿನ ವಾರವೂ ತಿಂದಿದ್ದಳು. ಒಂದು ದಿನವೂ ತುಟಿ ಊದಿರಲಿಲ್ಲ, ಮೈ ಮೇಲೆ ಗಂಧೆ ಎದ್ದಿರಲಿಲ್ಲ, ವಾಂತಿ ಆಗಿರಲಿಲ್ಲ. ಇದನ್ನು ಯಾರೂ ಕೇಳಲಿಲ್ಲ. ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಕಾಗದದ ಮೇಲೆ ಬಂದಿದೆ ಅಂದ ಮೇಲೆ ನಮ್ಮ ಕಣ್ಣಿಗೆ ಕಂಡದ್ದು ಲೆಕ್ಕಕ್ಕೆ ಬರುವುದಿಲ್ಲ ಅಂದುಕೊಂಡೆ.

ಮುಂದಿನ 4 ವರ್ಷ ನಮ್ಮ ಮನೆಯಲ್ಲಿ ಭಯವೇ ಅಡುಗೆ ಮಾಡಿತು. ಮೀನು ನಿಂತಿತು, ಸೀಗಡಿ ನಿಂತಿತು, ಏಡಿ ನಿಂತಿತು. ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಅವಳಿಗೆ ಬೇರೆ ತಟ್ಟೆ, ಬೇರೆ ಚಮಚ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಮಗುವಿನ ಎಂಜಲು ಕೈ ತಾಗಿತು ಅಂತ ಅತ್ತುಬಿಟ್ಟಳು. ರಾತ್ರಿ ಮಲಗುವಾಗ "ಅಮ್ಮಾ, ಗೊತ್ತಿಲ್ಲದೆ ತಿಂದುಬಿಟ್ಟರೆ ಸಾಯ್ತೀನಾ?" ಅಂತ ಕೇಳಿದಳು. 8 ವರ್ಷದ ಮಗು ಕೇಳುವ ಪ್ರಶ್ನೆಯಾ ಅದು?

11 ವರ್ಷ ಆದಾಗ ಅಲರ್ಜಿಯನ್ನೇ ನೋಡುವ ಒಬ್ಬ ತಜ್ಞರ ಹತ್ತಿರ ಹೋದೆವು. ಅವರು ವರದಿಯನ್ನು ಮಗುಚಿಟ್ಟು ಮೊದಲು ಕೇಳಿದ್ದು ಇಷ್ಟೇ: "ಸೀಗಡಿ ತಿಂದಾಗ ಇವಳಿಗೆ ಏನಾಗಿತ್ತು?" ನಾನು "ಏನೂ ಆಗಿರಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಈ ಪತ್ರ ಹುಟ್ಟಿದ್ದು ಆ ಗಳಿಗೆಯಲ್ಲಿ.

ಅವತ್ತಿನಿಂದ ನಾನು ಈ ಪರೀಕ್ಷೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ತಿಳಿದವರನ್ನು ಕೇಳಿದ್ದೇನೆ. ನೀವು ಓದಿ ಬಂದ ವಿಷಯವನ್ನೇ ನಿಮಗೆ ಹೇಳುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸಿ. ಆದರೆ ಈ ಪತ್ರವನ್ನು ನನ್ನಂಥ ತಂದೆ ತಾಯಿಯರೂ ಓದುತ್ತಾರೆ. ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಅಲರ್ಜಿಗೆ ಕಾರಣವಾದದ್ದು ರಕ್ತದಲ್ಲಿ ಇದೆ ಅಂತ ಮೊದಲು ತೋರಿಸಿಕೊಟ್ಟಿದ್ದೇ ಮೀನಿನ ಅಲರ್ಜಿ. 1921ರ ಮಾತು. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ನಗರದಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಮತ್ತು ಹೈಂಜ್ ಕ್ಯುಸ್ಟ್ನರ್ ಅಂತ ಇಬ್ಬರು ವೈದ್ಯರಿದ್ದರು. ಕ್ಯುಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಪ್ರಾಸ್ನಿಟ್ಸ್ ತಮ್ಮ ಚರ್ಮದೊಳಗೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡಾಗ ಆ ಜಾಗ ಕೆಂಪಾಗಿ ಊದಿಕೊಂಡಿತು. ಅವರಿಗೆ ಮೀನಿನ ಅಲರ್ಜಿ ಇರಲೇ ಇಲ್ಲ! ಗೆಳೆಯನ ರಕ್ತದ ಜೊತೆ ಏನೋ ಒಂದು ದಾಟಿ ಬಂದಿತ್ತು. ಆ 'ಏನೋ ಒಂದು' ಏನು ಅಂತ ಗೊತ್ತಾಗಲು ಇನ್ನೂ 45 ವರ್ಷ ಬೇಕಾಯಿತು. 1966-67ರಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಯೋಹಾನ್ಸನ್, ಬೆನ್ನಿಕ್ ಬೇರೆ ಬೇರೆಯಾಗಿ ಅದನ್ನು ಹುಡುಕಿದರು. ಅದು ನಮ್ಮ ದೇಹವೇ ತಯಾರಿಸುವ ಒಂದು ಪ್ರತಿಕಾಯ. 1968ರಲ್ಲಿ ಅದಕ್ಕೆ ಐಜಿಇ ಅಂತ ಹೆಸರಾಯಿತು. ಇವತ್ತು ನೀವು ಮಾಡುವ ಪರೀಕ್ಷೆ ಅಳೆಯುವುದು ಇದನ್ನೇ.

ಅಳೆಯುವ ಬಗೆಯೂ ಅಷ್ಟು ಕಷ್ಟದ್ದಲ್ಲ. ಸೀಗಡಿಯ ಪ್ರೋಟೀನನ್ನು ಒಂದು ಚಿಕ್ಕ ಸ್ಪಂಜಿನಂಥ ವಸ್ತುವಿಗೆ ಅಂಟಿಸಿರುತ್ತಾರೆ. ಅದರ ಮೇಲೆ ನಮ್ಮ ಸೀರಮ್ ಹಾಕುತ್ತಾರೆ. ಸೀಗಡಿಗೆ ಅಂಟುವ ಐಜಿಇ ಇದ್ದರೆ ಅಂಟಿಕೊಳ್ಳುತ್ತದೆ. ಉಳಿದದ್ದನ್ನು ತೊಳೆದು, ಅಂಟಿದ್ದು ಎಷ್ಟು ಅಂತ ಯಂತ್ರ ಹೇಳುತ್ತದೆ. ಲೀಟರಿಗೆ 0.35 ಕಿಲೋಯೂನಿಟ್ ದಾಟಿದರೆ ಹಳೆಯ ವಾಡಿಕೆಯಂತೆ 'ಪಾಸಿಟಿವ್'. ಈಗಿನ ಯಂತ್ರಗಳು 0.1ನ್ನೂ ಹಿಡಿಯುತ್ತವೆ.

ಅಂದರೆ ಯಂತ್ರ ಹೇಳುವುದು ಅಂಟಿತಾ ಇಲ್ಲವಾ ಅನ್ನುವುದನ್ನು ಮಾತ್ರ. ತಿಂದರೆ ಏನಾಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ರಕ್ತದಲ್ಲಿ ಐಜಿಇ ಇದ್ದೂ ಆರಾಮಾಗಿ ತಿಂದುಕೊಂಡಿರುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಪುಸ್ತಕಗಳಲ್ಲಿ ಇದಕ್ಕೆ ಬೇರೆ ಹೆಸರೇ ಇದೆ, ಸೆನ್ಸಿಟೈಸೇಶನ್ ಅಂತ. ನನ್ನ ಮಗಳ ವರದಿಯಲ್ಲಿ ಆ ಪದ ಎಲ್ಲೂ ಇರಲಿಲ್ಲ. 'ಅಲರ್ಜಿ ವರದಿ' ಅಂತ ತಲೆಬರಹ, ಕೆಳಗೆ 'ಪಾಸಿಟಿವ್'. ಓದಿದವರು ಏನು ಅಂದುಕೊಳ್ಳಬೇಕು ಹೇಳಿ?

ಸೀಗಡಿಯ ವಿಷಯದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಸೀಗಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಅನ್ನುವ ಪ್ರೋಟೀನು. ಎಷ್ಟು ಬೇಯಿಸಿದರೂ ಅದು ಹಾಳಾಗುವುದಿಲ್ಲ. ಇದೇ ಪ್ರೋಟೀನು ಧೂಳಿನ ಹುಳದಲ್ಲೂ ಇದೆ, ಜಿರಳೆಯಲ್ಲೂ ಇದೆ. ಸೀಗಡಿಯದ್ದಕ್ಕೂ ಧೂಳಿನ ಹುಳದ್ದಕ್ಕೂ ನೂರಕ್ಕೆ 80ರಷ್ಟು ಹೋಲಿಕೆ. ಹಾಸಿಗೆಯ ಧೂಳಿಗೆ ಸೀನುವ ಮಗುವಿನ ರಕ್ತದಲ್ಲಿ ಧೂಳಿನ ಹುಳದ ವಿರುದ್ಧ ಹುಟ್ಟಿದ ಐಜಿಇ ಇರುತ್ತದೆ. ಪರೀಕ್ಷೆಯಲ್ಲಿ ಅದೇ ಹೋಗಿ ಸೀಗಡಿಗೂ ಅಂಟಿಕೊಳ್ಳಬಹುದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಧರ್ಮದ ಕಟ್ಟಳೆಯ ಕಾರಣ ಸೀಗಡಿಯನ್ನು ಬಾಯಿಗೇ ಹಾಕದ ಸಂಪ್ರದಾಯಸ್ಥ ಯಹೂದಿಗಳಲ್ಲಿ, ಧೂಳಿನ ಹುಳದ ಅಲರ್ಜಿ ಇದ್ದ ಕೆಲವರಿಗೆ ಸೀಗಡಿಯ ಪರೀಕ್ಷೆಯೂ ಪಾಸಿಟಿವ್ ಬಂತು. ಜನ್ಮದಲ್ಲಿ ತಿನ್ನದ ಸೀಗಡಿಗೆ!

ನನ್ನ ಮಗಳ ವರದಿಯಲ್ಲಿ 38 ಮತ್ತು 2.4 ಒಂದೇ ಪುಟದಲ್ಲಿ, ಒಂದರ ಕೆಳಗೊಂದು ಇದ್ದವು. ಉತ್ತರ ಕಣ್ಣ ಮುಂದೆಯೇ ಇತ್ತು ಅಲ್ವಾ?

ಆ ತಜ್ಞರು ಕೊನೆಗೆ ಮಾಡಿದ್ದು ತಿನ್ನಿಸಿ ನೋಡುವ ಪರೀಕ್ಷೆ. ಆಸ್ಪತ್ರೆಯಲ್ಲಿ, ಜೋರು ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲೇ ಇಟ್ಟುಕೊಂಡು, ಮೊದಲು ಅಕ್ಕಿ ಕಾಳಿನಷ್ಟು ಸೀಗಡಿ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಅದರ ಎರಡರಷ್ಟು. ಹೀಗೇ ಏರಿಸುತ್ತ ಹೋಗಿ, ಒಂದು ಊಟದಷ್ಟು ಆದ ಮೇಲೆ ಎರಡು ಗಂಟೆ ಕೂರಿಸಿಕೊಂಡು ನೋಡಿದರು. ಅಲರ್ಜಿ ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳುವುದು ಇದೊಂದೇ. ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬಾರದು. ಮೊದಲ ಚೂರನ್ನು ಅವಳು ಬೆರಳಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದಳು. ಕೊನೆಗೂ ಬಾಯಿಗೆ ಹಾಕಿಕೊಂಡಳು. ಏನೂ ಆಗಲಿಲ್ಲ. ಕೊನೆಯ ಚೂರಿನವರೆಗೂ ಏನೂ ಆಗಲಿಲ್ಲ.

ಅವಳಿಗೆ ಸೀಗಡಿ ಅಲರ್ಜಿ ಇರಲಿಲ್ಲ. ಆದರೂ ಅವಳು ಇವತ್ತಿಗೂ ಸೀಗಡಿ ತಿನ್ನುವುದಿಲ್ಲ. 4 ವರ್ಷ ಕಲಿಸಿದ ಭಯವನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಲು ಆಗಲಿಲ್ಲ. ಬೇರೆ ಮಕ್ಕಳಲ್ಲಿ ಇದಕ್ಕಿಂತ ದೊಡ್ಡ ನಷ್ಟವೂ ಆಗುತ್ತದೆ. ಎಗ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವ ಮಗು ಆರಾಮಾಗಿ ತಿನ್ನುತ್ತಿದ್ದ ಆಹಾರವನ್ನು ಬರೀ ವರದಿ ನೋಡಿ ಬಿಡಿಸಿ, ಎಷ್ಟೋ ತಿಂಗಳ ಮೇಲೆ ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿ ಕಾಣಿಸಿಕೊಂಡ ಉದಾಹರಣೆಗಳಿವೆ. ಹಾಲಿನ ವಿಷಯದಲ್ಲಿ ಇದು ಚೆನ್ನಾಗಿ ದಾಖಲಾಗಿದೆ.

ಇನ್ನು ನನ್ನ ತಮ್ಮನ ಕಥೆ. ಅವನದ್ದು ಇದಕ್ಕೆ ತಿರುಗುಮುರುಗು. ಏಡಿ ತಿಂದ ಹದಿನೈದು ನಿಮಿಷದಲ್ಲಿ ಮೈಯೆಲ್ಲ ಗಂಧೆ ಎದ್ದಿತು, ತುಟಿ ಊದಿತು, ವಾಂತಿಯಾಯಿತು, ಧ್ವನಿ ಒಡೆಯಿತು. ಹೇಗೋ ಸುಧಾರಿಸಿಕೊಂಡ. ಮೂರನೇ ದಿನ ಹೋಗಿ 'ಸೀಫುಡ್ ಅಲರ್ಜಿ' ಪರೀಕ್ಷೆ ಮಾಡಿಸಿದ. ಎಲ್ಲ ನೆಗೆಟಿವ್. "ನಿಮಗೆ ಸೀಫುಡ್ ಅಲರ್ಜಿ ಇಲ್ಲ, ಧೈರ್ಯವಾಗಿ ತಿನ್ನಿ" ಅಂದರು. 8 ತಿಂಗಳ ಮೇಲೆ ಮತ್ತೆ ಏಡಿ ತಿಂದ. ಆ ಸಲ ಉಸಿರು ಕಟ್ಟಿತು. ಸಮಯಕ್ಕೆ ಸರಿಯಾಗಿ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರಿಂದ ಉಳಿದ.

ಆಮೇಲೆ ಹಳೆಯ ವರದಿ ತೆಗೆದು ನೋಡಿದೆವು. ಅದರಲ್ಲಿ ಪರೀಕ್ಷೆ ಮಾಡಿದ್ದು ಕಾಡ್, ಸಾಲ್ಮನ್, ಟ್ಯೂನಾ. ಮೂರೂ ಮೀನು! ಏಡಿಯೇ ಇರಲಿಲ್ಲ. ಸೀಗಡಿಯೂ ಇರಲಿಲ್ಲ. ಹೊಸದಾಗಿ ಏಡಿಗೂ ಸೀಗಡಿಗೂ ಮಾಡಿಸಿದಾಗ ಎರಡೂ ಪಾಸಿಟಿವ್ ಬಂದವು.

ಲ್ಯಾಬಿನವರೇ, 'ಸೀಫುಡ್' ಅಂತ ಒಂದು ಪ್ರಾಣಿ ಇಲ್ಲ. ಮೀನಿನ ಅಲರ್ಜಿಗೆ ಕಾರಣ ಹೆಚ್ಚಾಗಿ ಪಾರ್ವಾಲ್ಬುಮಿನ್ ಅನ್ನುವ ಪ್ರೋಟೀನು. ಸೀಗಡಿ, ಏಡಿಯದ್ದಕ್ಕೆ ಟ್ರೋಪೋಮಯೋಸಿನ್. ಎರಡಕ್ಕೂ ಸಂಬಂಧವೇ ಇಲ್ಲ. ಮೀನು ಆಗದವರಿಗೆ ಏಡಿಯೂ ಆಗುವುದಿಲ್ಲ ಅಂತಿಲ್ಲ, ಏಡಿ ಆಗದವರಿಗೆ ಮೀನೂ ಆಗುವುದಿಲ್ಲ ಅಂತಿಲ್ಲ. ಕಪ್ಪೆಚಿಪ್ಪು, ಸ್ಕ್ವಿಡ್‌ಗಳದ್ದು ಮೂರನೆಯ ಗುಂಪು. ಅವುಗಳ ಟ್ರೋಪೋಮಯೋಸಿನ್ ಸೀಗಡಿಯದ್ದಕ್ಕೆ ಸ್ವಲ್ಪ ಹೋಲುತ್ತದೆ, ಆದರೆ ಸೀಗಡಿ ಆಗದವರಿಗೆಲ್ಲ ಇವೂ ಆಗುವುದಿಲ್ಲ ಅಂತಿಲ್ಲ. ಮೀನುಗಳೊಳಗೂ ವ್ಯತ್ಯಾಸ ಇದೆ. ಟ್ಯೂನಾದಂಥ ಕೆಂಪು ಮಾಂಸದ ಮೀನಿನಲ್ಲಿ ಪಾರ್ವಾಲ್ಬುಮಿನ್ ಕಡಿಮೆ. ಹಾಗಾಗಿ ಬೇರೆ ಮೀನು ಆಗದ ಕೆಲವರಿಗೆ ಟ್ಯೂನಾ ಆಗುತ್ತದೆ. ಇನ್ನು ಒಂದೇ ಒಂದು ಜಾತಿಯ ಮೀನು ಆಗದವರೂ ಇದ್ದಾರೆ. ಅಂಥವರಿಗೆ ಕಾಡ್ ಮೀನಿನ ಪರೀಕ್ಷೆ ನೆಗೆಟಿವ್ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ತಿಂದದ್ದು ಯಾವುದೋ, ನೋಡಿದ್ದು ಯಾವುದೋ.

ತಮ್ಮನ ವಿಷಯದಲ್ಲಿ ಇನ್ನೂ ಎರಡು ಮಾತಿದೆ. ಒಂದು, ಜೋರಾಗಿ ಅಲರ್ಜಿ ಆದ ಎರಡು ಮೂರು ದಿನದಲ್ಲಿ ಮಾಡಿದ ಪರೀಕ್ಷೆ ಸುಳ್ಳು ನೆಗೆಟಿವ್ ಕೊಡಬಹುದು. ನೆಗೆಟಿವ್ ಬಂದರೆ 4ರಿಂದ 6 ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಇನ್ನೊಂದು, ಅವತ್ತೇ ಮಾಡಬಹುದಾಗಿದ್ದ ಬೇರೊಂದು ರಕ್ತ ಪರೀಕ್ಷೆ ಇತ್ತು, ಟ್ರಿಪ್ಟೇಸ್. ಅಲರ್ಜಿ ಆದಾಗ ದೇಹದ ಕೆಲವು ಕಣಗಳು ರಕ್ತಕ್ಕೆ ಬಿಡುವ ವಸ್ತು ಅದು. ಅಲರ್ಜಿ ಶುರುವಾಗಿ ಮೂರು ನಾಲ್ಕು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಅದು ಏರಿದ್ದು, ಒಂದು ದಿನದ ಮೇಲೆ ತೆಗೆದದ್ದರಲ್ಲಿ ಇಳಿದಿದ್ದರೆ, ಆದದ್ದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಜೋರು ಅಲರ್ಜಿ, ಅನ್ನುವುದಕ್ಕೆ ಬಲ ಬರುತ್ತದೆ. ಆಹಾರದಿಂದ ಆದಾಗ ಅದು ಏರದೆಯೂ ಇರಬಹುದು, ನಿಜ. ಆದರೂ ತುರ್ತು ಚಿಕಿತ್ಸೆಯಲ್ಲಿ ಹೇಗೂ ರಕ್ತ ತೆಗೆಯುತ್ತೀರಿ. ಒಂದು ಟ್ಯೂಬು ಇದಕ್ಕೂ ತೆಗೆದಿಡಿ.

ಐಜಿಇ ಪರೀಕ್ಷೆಗೆ ಸಿಗದ ತೊಂದರೆಗಳೂ ಇವೆ, ಅವನ್ನೂ ಜನಕ್ಕೆ ಹೇಳಬೇಕು. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನನ್ನು ಸರಿಯಾಗಿ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ಅಲರ್ಜಿ ಆದಾಗ ನಮ್ಮ ದೇಹ ಬಿಡುವ ವಸ್ತುವೂ ಇದೇ. ಬೇಯಿಸಿದರೆ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಗಂಧೆ ಏಳುತ್ತದೆ. ನೋಡಲು ಥೇಟ್ ಅಲರ್ಜಿಯೇ. ಜೊತೆಗೆ ತಿಂದ ಮೂರು ಜನಕ್ಕೂ ಹೀಗೇ ಆಗಿದ್ದರೆ ಅದು ಹಾಳಾದ ಮೀನಿನ ವಿಷ, ಅಲರ್ಜಿ ಇರಲಾರದು. "ಇನ್ಯಾರಿಗಾದರೂ ಆಯಿತಾ?" ಅನ್ನುವ ಒಂದು ಪ್ರಶ್ನೆ ಇಲ್ಲಿ ಪ್ಯಾನೆಲ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕೆಲವೊಮ್ಮೆ ತೊಂದರೆ ಮೀನಿನದ್ದಲ್ಲ, ಮೀನಿನೊಳಗಿನ ಅನಿಸಾಕಿಸ್ ಅನ್ನುವ ಹುಳದ್ದು. ಅದಕ್ಕೆ ಬೇರೆಯದೇ ಐಜಿಇ ಪರೀಕ್ಷೆ ಇದೆ. ಪುಟ್ಟ ಮಕ್ಕಳಲ್ಲಿ ಮೀನು ತಿಂದು ಒಂದರಿಂದ ನಾಲ್ಕು ಗಂಟೆ ಬಿಟ್ಟು ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳುಚಿಕೊಂಡು ಸುಸ್ತಾಗುವ ಕಾಯಿಲೆಯೂ ಇದೆ. ಅದರಲ್ಲಿ ಐಜಿಇಗೆ ಪಾತ್ರವಿಲ್ಲ. ರಕ್ತ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ, ತಾಯಿ "ವರದಿಯಲ್ಲಿ ಏನೂ ಇಲ್ಲವಲ್ಲ" ಅಂತ ಮತ್ತೆ ಮೀನು ಕೊಡುತ್ತಾಳೆ.

ಅಂಕಿಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಂಖ್ಯೆ ದೊಡ್ಡದಿದ್ದರೆ ಅಲರ್ಜಿಯೂ ಜೋರು ಅಂತ. ಸಂಖ್ಯೆ ಏರಿದ ಹಾಗೆ ಅಲರ್ಜಿ ಇರುವ ಸಂಭವ ಏರುತ್ತದೆ, ಅಷ್ಟೇ. ಬಂದರೆ ಎಷ್ಟು ಜೋರಾಗಿ ಬರುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. 0.8 ಇದ್ದವರಿಗೂ ಉಸಿರು ಕಟ್ಟಬಹುದು. ಮೀನಿಗೆ 20 ದಾಟಿದರೆ ಅಲರ್ಜಿ ಬಹುತೇಕ ಖಚಿತ ಅಂತ 2001ರಲ್ಲಿ ಪ್ರಕಟವಾದ ಮಕ್ಕಳ ಅಧ್ಯಯನವೊಂದು ಹೇಳಿತು. ಸೀಗಡಿಗೆ ಎಲ್ಲರೂ ಒಪ್ಪಿದ ಅಂಥ ಗೆರೆಯೇ ಇಲ್ಲ. ಹಾಗಿರುವಾಗ 'ಕ್ಲಾಸ್ 2' ಅಂತ ಕೆಂಪು ಪಟ್ಟಿಯಲ್ಲಿ ಅಚ್ಚು ಹಾಕಿ ಮನೆಗೆ ಕಳಿಸುವುದು ಯಾರಿಗೆ ಒಳ್ಳೆಯದು?

ಐಜಿಜಿ ಪರೀಕ್ಷೆಯ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. 'ಫುಡ್ ಇನ್‌ಟಾಲರೆನ್ಸ್' ಅಂತ ಹೆಸರಿಟ್ಟು ನೂರು ಇನ್ನೂರು ಆಹಾರಗಳ ಪಟ್ಟಿ ಕೊಡುತ್ತಾರಲ್ಲ, ಅದು. ಐಜಿಜಿ ಅನ್ನುವುದು ಐಜಿಇಗಿಂತ ಬೇರೆಯದೇ ಪ್ರತಿಕಾಯ, ನಾವು ತಿನ್ನುವ ಆಹಾರಕ್ಕೆಲ್ಲ ಹುಟ್ಟುತ್ತದೆ. ಮೀನು ಜಾಸ್ತಿ ತಿನ್ನುವವರಲ್ಲಿ ಮೀನಿನ ಐಜಿಜಿ ಜಾಸ್ತಿ ಇದ್ದರೆ ಅವರ ದೇಹ ಮೀನನ್ನು ಕಂಡಿದೆ ಅಂತ ಅರ್ಥ. ಯುರೋಪಿನ ಅಲರ್ಜಿ ಅಕಾಡೆಮಿ 2008ರಲ್ಲೇ ಆಹಾರದ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಅಂತ ಹೇಳಿದೆ. ಅಮೆರಿಕ ಮತ್ತು ಕೆನಡಾದ ಅಲರ್ಜಿ ತಜ್ಞರ ಸಂಘಗಳೂ ಅದನ್ನೇ ಹೇಳಿವೆ. ಗೊತ್ತಿದ್ದೂ ಮಾರುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಇದರಲ್ಲಿ ಎರಡು ಮಾತಿಲ್ಲ.

ಇಷ್ಟೆಲ್ಲ ಬರೆದೆ ಅಂತ ನಾನು ರಕ್ತ ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ತಮ್ಮನಿಗೆ ಈಗ ಸಿಕ್ಕಿರುವ ಭರವಸೆ ಅದರಿಂದಲೇ. ಮೈ ತುಂಬ ಎಗ್ಸಿಮಾ ಇದ್ದು ಚರ್ಮಕ್ಕೆ ಚುಚ್ಚಿ ನೋಡಲು ಜಾಗವೇ ಇಲ್ಲದ ಮಕ್ಕಳಿಗೆ, ಆ ಚರ್ಮದ ಪರೀಕ್ಷೆಗಾಗಿ ಅಲರ್ಜಿ ಮಾತ್ರೆ ನಿಲ್ಲಿಸಲು ಆಗದವರಿಗೆ, ಒಮ್ಮೆ ಸಾವಿನ ಹತ್ತಿರ ಹೋಗಿ ಬಂದವರಿಗೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಇದರ ಫಲಿತಾಂಶ ಬದಲಾಗುವುದಿಲ್ಲ. ಸೀಗಡಿಯ ಒಂದೊಂದೇ ಪ್ರೋಟೀನಿಗೆ ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆಗಳೂ ಈಗ ಇವೆ. ಧೂಳಿನ ಹುಳದ ಗೊಂದಲವನ್ನು ಅವು ಸ್ವಲ್ಪ ಮಟ್ಟಿಗೆ ಬಿಡಿಸುತ್ತವೆ. ಒಳ್ಳೆಯ ಸಲಕರಣೆ ಇದು. ಅದಕ್ಕೇ ಇದನ್ನು ಸುಮ್ನೆ ಬಳಸಬೇಡಿ ಅಂತ ಕೇಳಿಕೊಳ್ಳುತ್ತಿದ್ದೇನೆ.

(ಇದರ ಜೊತೆ ಇನ್ನೊಂದು. ಸೀಗಡಿ ಅಲರ್ಜಿ ಇದೆ ಅಂದ ಕೂಡಲೇ ಸ್ಕ್ಯಾನಿಗೆ ಕೊಡುವ ಅಯೋಡಿನ್ ಡೈ ಆಗುವುದಿಲ್ಲ ಅಂತ ವಾಪಸ್ ಕಳಿಸುವವರು ಇನ್ನೂ ಇದ್ದಾರೆ. ಸೀಗಡಿಯ ಅಲರ್ಜಿ ಅದರ ಪ್ರೋಟೀನಿನದ್ದು, ಅಯೋಡಿನ್ನಿಗೂ ಅದಕ್ಕೂ ಸಂಬಂಧ ಇಲ್ಲ. ತಪ್ಪು ವರದಿಯೊಂದು ಬೇಕಾದ ಸ್ಕ್ಯಾನನ್ನೂ ತಪ್ಪಿಸಬಹುದು.)

ನಾನು ಕೇಳುವುದು ದೊಡ್ಡದೇನಲ್ಲ. ವೈದ್ಯರೇ, ತಿಂದು ತೊಂದರೆ ಆಗದ ಆಹಾರಕ್ಕೆ ಪರೀಕ್ಷೆ ಬರೆಯಬೇಡಿ. ಸೀನಿಗೆ ಬಂದ ಮಗುವಿಗೆ ಧೂಳಿನದ್ದು ನೋಡಿ, ಸೀಗಡಿಯನ್ನು ಜೊತೆಗೆ ಸೇರಿಸಬೇಡಿ. ತಿಂದು ತೊಂದರೆ ಆದವರಿಗೆ ವರದಿ ನೆಗೆಟಿವ್ ಬಂದರೂ ಅವರ ಮಾತನ್ನು ನಂಬಿ, "ಧೈರ್ಯವಾಗಿ ತಿನ್ನಿ" ಅನ್ನುವ ಮೊದಲು ಅಲರ್ಜಿ ತಜ್ಞರ ಹತ್ತಿರ ಕಳಿಸಿ. ಲ್ಯಾಬಿನವರೇ, 'ಸೀಫುಡ್' ಅನ್ನುವ ಪದವನ್ನು ನಿಮ್ಮ ಪಟ್ಟಿಯಿಂದ ತೆಗೆದು ಯಾವ ಮೀನು, ಯಾವ ಚಿಪ್ಪು ಅಂತ ಹೆಸರು ಹಾಕಿ. ವರದಿಯ ಮೇಲೇ, ಕೆಳಗಡೆ ಪುಟ್ಟ ಅಕ್ಷರದಲ್ಲಿ ಅಲ್ಲ, ನಮ್ಮ ಭಾಷೆಯಲ್ಲಿ ಒಂದು ಸಾಲು ಬರೆಯಿರಿ: 'ಇದು ರಕ್ತದಲ್ಲಿ ಐಜಿಇ ಇದೆಯೇ ಅಂತ ಮಾತ್ರ ಹೇಳುತ್ತದೆ. ವೈದ್ಯರನ್ನು ಕೇಳದೆ ಆಹಾರ ಬಿಡಬೇಡಿ, ತೊಂದರೆ ಕೊಟ್ಟ ಆಹಾರವನ್ನು ಮತ್ತೆ ತಿನ್ನಬೇಡಿ.'

ಮತ್ತೆ ರಕ್ತ ತೆಗೆಯುವ ಮುಂಚೆ ತುಂಬಿಸುವ ಫಾರ್ಮಿನಲ್ಲಿ ನಾಲ್ಕು ಸಾಲಿಗೆ ಜಾಗ ಬಿಡಿ. ಏನು ತಿಂದಿರಿ? ಎಷ್ಟು ಹೊತ್ತಿಗೆ ಏನಾಯಿತು? ಜೊತೆಗೆ ತಿಂದವರಿಗೂ ಆಯಿತಾ? ಅದಕ್ಕೂ ಮೊದಲು, ಆಮೇಲೆ ತಿಂದಿದ್ದೀರಾ?

ಮಗಳ ಫಾರ್ಮಿನಲ್ಲಿ ಆ ಜಾಗ ಇದ್ದಿದ್ದರೆ ನಾನು 'ಹೋದ ವಾರವೂ ಸೀಗಡಿ ತಿಂದಿದ್ದಾಳೆ, ಏನೂ ಆಗಿಲ್ಲ' ಅಂತ ಬರೆಯುತ್ತಿದ್ದೆ. ತಮ್ಮ 'ಏಡಿ' ಅಂತ ಬರೆಯುತ್ತಿದ್ದ.

ಇಂತಿ,
ಒಬ್ಬ ತಾಯಿ, ಒಬ್ಬ ಅಕ್ಕ